ಕೊರಡೂರಿನಲ್ಲಿ ಆಶ್ರಮ ಕಟ್ಟಿದ ಮೈಲಾರ ಮಹಾದೇವಪ್ಪ

ಹಾವೇರಿ ಜಿಲ್ಲೆಯ ಮಕ್ಕಳಿಗೆ ಮೈಲಾರ ಮಹಾದೇವಪ್ಪನವರ ಹೆಸರು ಹೊಸದಲ್ಲ. ಹಾವೇರಿ ರೈಲು ನಿಲ್ದಾಣಕ್ಕೆ ಅವರದೇ ಹೆಸರಿದೆ. ಆಗಸ್ಟ್ 15ರ ಭಾಷಣಗಳಲ್ಲಿ ಅವರ ಹೆಸರು ಬಾರದೇ ಇರುವುದಿಲ್ಲ. ಆದರೆ ಬೋಧನಾಭ್ಯಾಸಕ್ಕೆಂದು ಬ್ಯಾಡಗಿ ತಾಲೂಕಿನ ಒಂದು ಪ್ರೌಢಶಾಲೆಗೆ ಹೋದಾಗ ಎಂಟನೇ ತರಗತಿಯ ಮಕ್ಕಳನ್ನು ಅವರ ಬಗ್ಗೆ ಕೇಳಿದೆ. ಎಲ್ಲ ಕೈಗಳೂ ಮೇಲೆದ್ದವು, ಎಲ್ಲ ಉತ್ತರಗಳೂ ಒಂದೇ ಆಗಿದ್ದವು. ಬ್ರಿಟಿಷರ ಗುಂಡಿಗೆ ಬಲಿಯಾದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಬದುಕಿದ್ದಾಗ ಏನು ಮಾಡುತ್ತಿದ್ದರು ಎಂಬ ಮರುಪ್ರಶ್ನೆಗೆ ಕೈಗಳು ಕೆಳಗಿಳಿದವು.

ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಸ್ವಾತಂತ್ರ್ಯ ಹೋರಾಟಗಾರರ ಜೀವನ ಸಮಾಜ ವಿಜ್ಞಾನದವರ ಪಾಠ ಎಂದು ನಮ್ಮ ತಂಡದಲ್ಲಿ ಒಬ್ಬರು ಹೇಳಿದರು. ನನಗೆ ಹಾಗೆ ಅನ್ನಿಸಲಿಲ್ಲ. ನಾನು ಕಲಿಸಬೇಕಾಗಿದ್ದ ಮೊದಲ ಘಟಕ ಬೆಳೆ ಉತ್ಪಾದನೆ ಮತ್ತು ನಿರ್ವಹಣೆ. ಮಣ್ಣು, ಗೊಬ್ಬರ, ನೀರು, ಬೀಜ ಎಲ್ಲವೂ ಅದರಲ್ಲಿವೆ. ಇದೇ ನೆಲದಲ್ಲಿ ಹಳ್ಳಿಯ ಹುಡುಗರಿಗೆ ಇವನ್ನೆಲ್ಲ ಕೈಯಿಂದ ಮಾಡಿಸಿ ಕಲಿಸಲು ಒಂದು ಜಾಗ ಕಟ್ಟಿದವರು ಮಹಾದೇವಪ್ಪ. ಅವರ ಸಾವಿಗಿಂತ ಆ ಜಾಗದ ಬಗ್ಗೆ ಬರೆಯುವುದು ನನಗೆ ಹೆಚ್ಚು ಮುಖ್ಯವೆನಿಸಿದೆ.

ಅವರು ಹುಟ್ಟಿದ್ದು 1911ರ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ ಹೋಗುವವರು ಬ್ಯಾಡಗಿಗೆ ಹೊರಳುವುದು ಈ ಊರಿನಲ್ಲೇ. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಲ್ಲವೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹುಡುಗ ಮಹಾದೇವ ಊರಿನ ಶಾಲೆಯಲ್ಲೂ ಮುಂದೆ ಹಂಸಭಾವಿಯಲ್ಲೂ ಓದಿದ. ಕಾಲೇಜಿನ ಓದು ಅವನ ಪಾಲಿಗೆ ಬರಲಿಲ್ಲ.

ಎರೆ ಹೊಲದ ಹತ್ತಿಯನ್ನು ಕಂಡವರಿಗೆ ಆ ಕಾಲದ ಖಾದಿ ಮಾತು ಏಕೆ ಅಷ್ಟು ಬೇಗ ಹಿಡಿಸಿತೆಂದು ತಿಳಿಯುವುದು ಕಷ್ಟವಲ್ಲ. ನಮ್ಮ ಮನೆಯಲ್ಲೂ ಹತ್ತಿ ಬೆಳೆಯುತ್ತಾರೆ. ಅರಳೆ ಅಂಡಿಗೆಯಾಗಿ ಊರು ಬಿಡುತ್ತದೆ, ಬಟ್ಟೆ ಅಂಗಡಿಯ ಬೆಲೆ ಹೊತ್ತು ಊರಿಗೆ ಬರುತ್ತದೆ. ನಡುವಿನ ಕೆಲಸವೂ ಕೂಲಿಯೂ ಬೇರೆಯವರ ಪಾಲು. ಅಂದು ಆ ನಡುವಿನ ಕೆಲಸ ಮುಂಬಯಿಗೂ ಇಂಗ್ಲೆಂಡಿಗೂ ಹೋಗುತ್ತಿತ್ತು. ಹಿಂಜಿ, ಹಂಜಿ ಮಾಡಿ, ನೂತು, ನೇಯುವುದನ್ನು ಊರಿನಲ್ಲೇ ಉಳಿಸಿಕೊಂಡರೆ ಮಳೆ ಇಲ್ಲದ ತಿಂಗಳುಗಳಲ್ಲೂ ಕೈಗೆ ಕೆಲಸ ಸಿಗುತ್ತದೆ ಎಂಬುದು ಖಾದಿಯ ಲೆಕ್ಕ. ಈ ಲೆಕ್ಕವನ್ನು ಕಲಿಯಲು ಮಹಾದೇವ ಹದಿಹರೆಯದಲ್ಲೇ ಸಾಬರಮತಿ ಆಶ್ರಮಕ್ಕೆ ಹೋದರು.

ಸಾಬರಮತಿ ಎಂದರೆ ಪ್ರಾರ್ಥನೆಯ ಜಾಗ ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಕೆಲಸ ಕಲಿಸುವ ಶಾಲೆಯೂ ಆಗಿತ್ತು. ಆ ಶಾಲೆಯ ನಕ್ಷೆ ಬಂದದ್ದು ಎಲ್ಲಿಂದ ಎಂದು ಹುಡುಕಿದರೆ ಆಫ್ರಿಕಕ್ಕೆ ಹೋಗಬೇಕಾಗುತ್ತದೆ. ಗಾಂಧೀಜಿ 1904ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ಬಳಿ 100 ಎಕರೆ ಜಮೀನು ಕೊಂಡು ಫೀನಿಕ್ಸ್ ಎಂಬ ನೆಲೆ ಮಾಡಿದರು. ಅದರ ನೆರೆಯಲ್ಲೇ ಇನಾಂಡದಲ್ಲಿ ಜಾನ್ ಡ್ಯೂಬ್ ಎಂಬ ಜುಲು ನಾಯಕರು ತಮ್ಮ ಜನರ ಮಕ್ಕಳಿಗೆ ಓದಿನ ಜೊತೆ ಬೇಸಾಯವನ್ನೂ ಕೈಕಸುಬನ್ನೂ ಕಲಿಸುವ ಓಲಾಂಗೆ ಶಾಲೆ ನಡೆಸುತ್ತಿದ್ದರು. ಡ್ಯೂಬ್ ಅಮೆರಿಕದಲ್ಲಿ ಓದಿದವರು, ಕರಿಯರಿಗಾಗಿ ಕಸುಬಿನ ಶಾಲೆ ಕಟ್ಟಿದ ಬೂಕರ್ ವಾಷಿಂಗ್ಟನ್ ಅವರನ್ನು ಮಾದರಿಯಾಗಿ ಕಂಡವರು. 1912ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಗೋಖಲೆಯವರು ಈ ಶಾಲೆಯನ್ನೂ ನೋಡಿ ಬಂದರು.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮ್. ಜೋಹಾನ್ಸ್‌ಬರ್ಗ್‌ನಿಂದ 21 ಮೈಲಿ ದೂರದ ಹಳ್ಳಿಗಾಡಿನಲ್ಲಿ 1,100 ಎಕರೆ ಜಮೀನು. ಕೊಟ್ಟವರು ಹರ್ಮನ್ ಕ್ಯಾಲೆನ್‌ಬಾಕ್, ವೃತ್ತಿಯಿಂದ ವಾಸ್ತುಶಿಲ್ಪಿ. ಬಾಡಿಗೆ ಕೇಳಲಿಲ್ಲ. ಜೈಲಿಗೆ ಹೋದ ಸತ್ಯಾಗ್ರಹಿಗಳ ಹೆಂಡಿರು ಮಕ್ಕಳು ಕಡಿಮೆ ಖರ್ಚಿನಲ್ಲಿ ಬದುಕಬೇಕಿತ್ತು, ಅದಕ್ಕಾಗಿ ಈ ನೆಲೆ. ಅಲ್ಲಿ ಸುಮಾರು 1,000 ಹಣ್ಣಿನ ಮರಗಳಿದ್ದವು, ಬಾವಿಯೂ ಚಿಕ್ಕ ಒರತೆಯೂ ಇದ್ದವು. ಮನೆಗಳನ್ನು ತಗಡಿನಲ್ಲಿ ತಾವೇ ಕಟ್ಟಿಕೊಂಡರು. ಆಳುಗಳನ್ನು ಇಟ್ಟುಕೊಳ್ಳಲಿಲ್ಲ. ಅಡುಗೆಯಿಂದ ಕಕ್ಕಸಿನವರೆಗೆ ಎಲ್ಲ ಕೆಲಸ ಅಲ್ಲಿದ್ದವರದ್ದೇ. ಕ್ಯಾಲೆನ್‌ಬಾಕ್ ಒಂದು ಕ್ರೈಸ್ತ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು, ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯಿಂದ ಉಳಿದವರು ಕಲಿತರು.

ಅಲ್ಲಿನ ಕಸದ ವ್ಯವಸ್ಥೆಯನ್ನು ವಿಜ್ಞಾನ ಓದಿದವರು ಗಮನಿಸಬೇಕು. ಬಳಸಿದ ನೀರನ್ನು ದಾರಿಗೆ ಚೆಲ್ಲುವಂತಿರಲಿಲ್ಲ, ಬಕೆಟ್ಟಿನಲ್ಲಿ ಹಿಡಿದು ಮರಗಳಿಗೆ ಹಾಕಬೇಕು. ಊಟದಲ್ಲಿ ಉಳಿದದ್ದು, ತರಕಾರಿ ಸಿಪ್ಪೆ ಎಲ್ಲ ಗೊಬ್ಬರ. ಮಲಕ್ಕೆ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಅಗೆದ ಮಣ್ಣನ್ನೇ ಮೇಲೆ ಮುಚ್ಚುತ್ತಿದ್ದರು. ನೊಣ ಇಲ್ಲ, ನಾತ ಇಲ್ಲ, ಭೂಮಿಗೆ ಸಾರ. ನೂರು ವರ್ಷ ಕಳೆದ ಮೇಲೂ ನಮ್ಮ ಹಳ್ಳಿಗಳ ಹೊರವಲಯದಲ್ಲಿ ಇಷ್ಟು ನೆಟ್ಟಗಿನ ವ್ಯವಸ್ಥೆ ಸುಲಭವಾಗಿ ಕಾಣುವುದಿಲ್ಲ. ಮಕ್ಕಳ ಶಾಲೆ ಮಧ್ಯಾಹ್ನ. ಬೆಳಗ್ಗೆಯೆಲ್ಲ ಅಗೆದು, ಕಡಿದು, ಹೊತ್ತು ದಣಿದ ಮಕ್ಕಳೂ ಮೇಷ್ಟ್ರೂ ಪಾಠದಲ್ಲಿ ತೂಕಡಿಸುತ್ತಿದ್ದರಂತೆ. ಊಟದ ನಂತರದ ಅವಧಿಯಲ್ಲಿ ಪಾಠ ಮಾಡಿದ ಪ್ರಶಿಕ್ಷಣಾರ್ಥಿಗಳೆಲ್ಲರೂ ಇದನ್ನು ಓದಿ ಸಮಾಧಾನಪಡಬಹುದು.

ಈ ಪಾಠಗಳನ್ನು ಹೊತ್ತು ಗಾಂಧೀಜಿ 1915ರಲ್ಲಿ ದೇಶಕ್ಕೆ ಮರಳಿ ಅಹಮದಾಬಾದಿನಲ್ಲಿ ಆಶ್ರಮ ಆರಂಭಿಸಿದರು. ಅದು 1917ರಲ್ಲಿ ಸಾಬರಮತಿ ದಂಡೆಗೆ ಬಂತು. ಫೀನಿಕ್ಸಿನಲ್ಲಿದ್ದ ಮಗನ್‌ಲಾಲ್ ಗಾಂಧಿಯವರೇ ಇಲ್ಲಿನ ಖಾದಿ ಕೆಲಸಕ್ಕೆ ರೂಪ ಕೊಟ್ಟರು. ಹೀಗೆ ಆಫ್ರಿಕದ ಹಳ್ಳಿಗಾಡಿನಲ್ಲಿ ಪಳಗಿದ ಪದ್ಧತಿ ಸಾಬರಮತಿಗೆ ಬಂದು, ಅಲ್ಲಿಂದ ಮೋಟೆಬೆನ್ನೂರಿನ ಒಬ್ಬ ಹುಡುಗನ ಕೈಗೆ ಸೇರಿತು.

1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗಿದ್ದವರು ಆಶ್ರಮದಲ್ಲಿ ಪಳಗಿದವರು. ಅವರಲ್ಲಿ ಕರ್ನಾಟಕದವರು ಮಹಾದೇವಪ್ಪ ಒಬ್ಬರೇ, ವಯಸ್ಸು 18. ಪಟ್ಟಿಯಲ್ಲಿ ಅವರ ಹೆಸರು ತಂದೆಯ ಹೆಸರಿನೊಡನೆ ಮಹಾದೇವ ಮಾರ್ತಾಂಡ ಎಂದಿದೆ. ಮೈಲಾರ ಎಂದು ಹುಡುಕಿದರೆ ಸಿಗುವುದಿಲ್ಲ, ಮಕ್ಕಳಿಗೆ ಯೋಜನಾಕಾರ್ಯ ಕೊಡುವವರು ಇದನ್ನು ನೆನಪಿಡಬೇಕು. ಸುಮಾರು 240 ಮೈಲಿ ನಡಿಗೆ, ಏಪ್ರಿಲ್ 5ಕ್ಕೆ ದಂಡಿ, ಮರುದಿನ ಉಪ್ಪು. ನಡೆಯುವವರಿಗೆ ಮೂರು ಕಡ್ಡಾಯಗಳಿದ್ದವು: ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು. ನಾವು ಇಂಟರ್ನ್‌ಶಿಪ್ಪಿನಲ್ಲಿ ಚಿಂತನಶೀಲ ದಿನಚರಿಗೆ ಗೊಣಗುತ್ತೇವೆ. ಅವರು ದಿನಕ್ಕೆ ಹತ್ತು ಮೈಲಿ ನಡೆದು, ನೂತು, ಆಮೇಲೆ ಬರೆಯಬೇಕಿತ್ತು.

ದಂಡಿಯ ನಂತರ ಜೈಲು. ಅವರ ಪತ್ನಿ ಸಿದ್ದಮ್ಮನವರೂ ಮನೆಯಲ್ಲಿ ಕಾಯುತ್ತ ಕೂರಲಿಲ್ಲ. ಅವರೂ ಸಾಬರಮತಿ ಆಶ್ರಮಕ್ಕೆ ಹೋಗಿ ಅಲ್ಲಿನ ಶಿಸ್ತಿನಲ್ಲಿ ಬದುಕಿದರು, ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡರು. ಬ್ಯಾಡಗಿ ಭಾಗದ ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ಗುಜರಾತಿನವರೆಗೆ ಹೋಗಿ, ಭಾಷೆ ಬಾರದ ಕಡೆ ಇದ್ದು, ಕೆಲಸ ಕಲಿತದ್ದು ಸಣ್ಣ ಮಾತಲ್ಲ. ನಮ್ಮ ಭಾಷಣಗಳಲ್ಲಿ ಅವರಿಗೆ ಸಿಗುವುದು ಅರ್ಧ ವಾಕ್ಯ. ಅದು ಸಾಲದು.

ಊರಿಗೆ ಮರಳಿದ ಮಹಾದೇವಪ್ಪನವರಿಗೆ ಆಗ ಇಪ್ಪತ್ತರ ಹರೆಯ, ನಮ್ಮ ತರಗತಿಯವರದೇ ವಯಸ್ಸು. ದಂಡಿಗೆ ನಡೆದವರೆಂಬ ಹೆಸರು ಬಂದಿತ್ತು. ಆ ಹೆಸರನ್ನೇ ಉಟ್ಟುಕೊಂಡು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಸಭೆ ನಡೆಸಬಹುದಿತ್ತು. ಅವರು ಹಾವೇರಿ ತಾಲೂಕಿನ ಕೊರಡೂರು ಎಂಬ ಹಳ್ಳಿಯಲ್ಲಿ ಸೇವಾಶ್ರಮ ಮಾಡಿದರು. ಸುತ್ತಲಿನ ಹಳ್ಳಿಗಳ ಯುವಕರು ಅಲ್ಲಿ ಸೇರಿದರು. ಖಾದಿಯ ತರಬೇತಿ, ಬೇಸಾಯ, ಊರಿನ ಶುಚಿತ್ವ, ಆರೋಗ್ಯ ಇವೇ ಅಲ್ಲಿನ ವಿಷಯಗಳು. ಕಲಿತವರು ತಮ್ಮ ಊರಿಗೆ ಹೋಗಿ ಕಲಿಸಬೇಕು, ಆಶ್ರಮ ಇದ್ದದ್ದೇ ಇದಕ್ಕೆ.

ಟಾಲ್‌ಸ್ಟಾಯ್ ಫಾರ್ಮನ್ನು ಕೊರಡೂರಿನ ಪಕ್ಕಕ್ಕೆ ಇಟ್ಟು ನೋಡಿದರೆ ಹಳ್ಳಿಯಲ್ಲಿ ಇಂಥ ಜಾಗ ಕಟ್ಟುವುದರ ಕಷ್ಟ ಕಾಣುತ್ತದೆ. ಅಲ್ಲಿ 1,100 ಎಕರೆ ಕೊಡುವ ಗೆಳೆಯನಿದ್ದ, ನೆರೆಹೊರೆ ದೂರವಿತ್ತು. ನೆಲೆಯೊಳಗಿನ ನಿಯಮ ನೆಲೆಯೊಳಗೇ ನಡೆಯುತ್ತಿತ್ತು. ಇಲ್ಲಿ ಆಶ್ರಮ ಇದ್ದದ್ದು ಊರಿನ ಮಗ್ಗುಲಲ್ಲಿ, ಗೌಡಿಕೆ, ಜಾತಿ, ಸಾಲ, ತೇರು, ಹಬ್ಬ ಎಲ್ಲದರ ನಡುವೆ. ಕಸ ತೆಗೆಯುವುದು ಯಾರ ಕೆಲಸ ಎಂಬುದು ಇಲ್ಲಿ ಹುಟ್ಟಿನಿಂದಲೇ ನಿಗದಿಯಾಗಿದ್ದ ಪ್ರಶ್ನೆ. ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಪೊರಕೆ ಹಿಡಿಯುವುದು ಅಂದಿನ ಹಳ್ಳಿಯಲ್ಲಿ ನೂಲುವುದಕ್ಕಿಂತ ಕಷ್ಟದ ಪಾಠ. ಒಳ್ಳೆಯ ಮಣ್ಣು, ಬಾವಿ, ಕಟ್ಟಡ ಇದ್ದರೆ ತರಬೇತಿ ಕೇಂದ್ರ ನಡೆಯುತ್ತದೆ ಎಂದು ಯೋಜನೆ ಬರೆಯುವವರು ಭಾವಿಸುತ್ತಾರೆ. ಊರಿನವರು ಅದನ್ನು ತಮ್ಮದು ಅಂದುಕೊಳ್ಳದಿದ್ದರೆ ಕಟ್ಟಡ ಉಗ್ರಾಣವಾಗುತ್ತದೆ. ಕೊರಡೂರಿನ ಆಶ್ರಮವನ್ನು ಜನ ತಮ್ಮದು ಅಂದುಕೊಂಡಿದ್ದರು ಎಂಬುದಕ್ಕೆ ಮುಂದೆ ಚಳವಳಿ ಬಂದಾಗ ಮಹಾದೇವಪ್ಪನವರ ಹಿಂದೆ ಹೊರಟ ಹಳ್ಳಿಯ ಹುಡುಗರೇ ಸಾಕ್ಷಿ.

ಬಿ.ಇಡಿ. ಪರೀಕ್ಷೆಗೆ ನಾವು ಮೂಲಶಿಕ್ಷಣವನ್ನು ಹತ್ತು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡುತ್ತೇವೆ. 1937, ವಾರ್ಧಾ, ಜಾಕಿರ್ ಹುಸೇನ್ ಸಮಿತಿ, ಕಸುಬಿನ ಮೂಲಕ ಶಿಕ್ಷಣ. ಅದರ ಜೀವಂತ ಉದಾಹರಣೆ ನಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ನಡೆದಿತ್ತು ಎಂಬುದನ್ನು ಯಾವ ಗೈಡೂ ಹೇಳುವುದಿಲ್ಲ.

ನನ್ನ ಪಾಠಯೋಜನೆಯಲ್ಲಿ ಇದನ್ನು ಎರಡು ಕಡೆ ತಂದೆ. ಒಂದು, ಗೊಬ್ಬರದ ಪಾಠ. ಟಾಲ್‌ಸ್ಟಾಯ್ ಫಾರ್ಮಿನ ನಿಯಮಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಬಿಸಿಯೂಟದ ನಂತರ ಕೈತೊಳೆಯುವ ನೀರು ಎಲ್ಲಿಗೆ ಹೋಗುತ್ತದೆ ನೋಡಿ ಬರಲು ಮಕ್ಕಳಿಗೆ ಹೇಳಿದೆ. ಹೋಗಿ ನೋಡಿದರು, ಕೊಡ ಎಣಿಸಿದರು, ಬೇವಿನ ಸಸಿಗಳ ಕಡೆಗೆ ಸಣ್ಣ ಕಾಲುವೆ ತೋಡಿದರು. ತರಕಾರಿ ಸಿಪ್ಪೆ, ಒಣ ಎಲೆ, ಸಗಣಿ ಪದರ ಪದರವಾಗಿ ಹಾಕಿ ಗುಂಡಿ ತುಂಬಿದೆವು. ಹಸಿರು ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕದ 30 ಪಟ್ಟು ಇಂಗಾಲ ಇದ್ದರೆ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಒಂದು ಕಬ್ಬಿಣದ ಸಲಾಕೆಯನ್ನು ಗುಂಡಿಯೊಳಗೆ ಇಟ್ಟು, ನಾಲ್ಕು ದಿನದ ಮೇಲೆ ಹೊರಗೆಳೆದು ಮುಟ್ಟಿಸಿದೆ. ಅದು ಬೆಚ್ಚಗಿದ್ದದ್ದು ಮಕ್ಕಳಿಗೆ ನಾನು ಹೇಳಿದ ಯಾವ ಮಾತಿಗಿಂತಲೂ ಚೆನ್ನಾಗಿ ನಾಟಿತು. ಮನೆಯ ತಿಪ್ಪೆಯಿಂದ ಮುಂಜಾನೆ ಹಬೆ ಏಳುವುದು ಇದಕ್ಕೇ ಎಂದು ಒಬ್ಬ ಹುಡುಗ ತಾನಾಗಿಯೇ ಹೇಳಿದ.

ಇನ್ನೊಂದು, ಹತ್ತಿ. ಮಕ್ಕಳು ಮನೆಯಿಂದಲೇ ಹತ್ತಿ ತಂದರು. ಬೀಜ ಬಿಡಿಸಿ, ಬೆರಳಿನಿಂದ ಹಿಂಜಿ, ತಕಲಿಯಲ್ಲಿ ನೂಲುವುದು. 40 ನಿಮಿಷದ ಅವಧಿಯಲ್ಲಿ ಬಹಳ ಮಂದಿಗೆ ಬಂದದ್ದು ಮೊಳದಷ್ಟು ಗಂಟುಗಂಟಾದ ನೂಲು. 1924ರಲ್ಲಿ ಕಾಂಗ್ರೆಸ್ ತನ್ನ ಸದಸ್ಯರಿಗೆ ತಿಂಗಳಿಗೆ 2,000 ಗಜ ನೂಲು ಗೊತ್ತುಮಾಡಿತ್ತು ಎಂದಾಗ ಮಕ್ಕಳು ತಮ್ಮ ಮೊಳವನ್ನು ನೋಡಿಕೊಂಡು ಲೆಕ್ಕ ಹಾಕತೊಡಗಿದರು. ಎಳೆ ಹುರಿಯಾದರೆ ಏಕೆ ಗಟ್ಟಿಯಾಗುತ್ತದೆ, ಘರ್ಷಣೆಗೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು. ಘರ್ಷಣೆ ಅದೇ ತರಗತಿಯ ಇನ್ನೊಂದು ಘಟಕ, ನನಗೆ ಪೀಠಿಕೆ ಹುಡುಕುವ ಕೆಲಸ ತಪ್ಪಿತು.

1942ರ ಆಗಸ್ಟಿನಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾಯಿತು. ನಾಯಕರೆಲ್ಲ ಸೆರೆಯಾದರು. ಮಹಾದೇವಪ್ಪ ಭೂಗತರಾದರು. ಕೊರಡೂರಿನಲ್ಲಿ ಬೆಳೆಸಿದ್ದ ಬಳಗ ಈಗ ಬೇರೆ ಕೆಲಸಕ್ಕೆ ಇಳಿಯಿತು. ಚಾವಡಿಗಳ ದಫ್ತರ, ಅಂಚೆ, ರೈಲು, ಹೀಗೆ ಸರ್ಕಾರದ ಕೈಕಾಲುಗಳೆನಿಸಿದ ಎಲ್ಲದರ ಮೇಲೂ ದಾಳಿ. ಯಾರ ಪ್ರಾಣಕ್ಕೂ ಕುತ್ತು ತರಬಾರದು ಎಂಬುದು ಅವರ ಕಟ್ಟುನಿಟ್ಟು. ಕಂದಾಯ ವಸೂಲಿಯ ಕಾಗದವೇ ಇಲ್ಲವಾದರೆ ವಸೂಲಿ ನಿಲ್ಲುತ್ತದೆ ಎಂಬುದು ಲೆಕ್ಕ. ಹಗಲು ಹೊಲದಲ್ಲಿ, ರಾತ್ರಿ ಒಂದು ಊರಿನಿಂದ ಇನ್ನೊಂದಕ್ಕೆ. ಊರೂರು ಬಲ್ಲವರಾದ್ದರಿಂದ ಪೊಲೀಸರಿಗೆ ತಿಂಗಳುಗಟ್ಟಲೆ ಸಿಗಲಿಲ್ಲ.

ಇಲ್ಲಿ ನನಗೂ ನನ್ನ ಮಾರ್ಗದರ್ಶಕ ಶಿಕ್ಷಕರಿಗೂ ಅಭಿಪ್ರಾಯ ಭೇದವಾಯಿತು. ಕಟ್ಟುವವನು ಸುಡಲು ಹೊರಟದ್ದು ಆ ಹೊತ್ತಿನ ಧರ್ಮ, ಆಶ್ರಮ ಅದಕ್ಕೆ ಸಿದ್ಧತೆಯಷ್ಟೇ ಎಂಬುದು ಸರ್ ಅವರ ನಿಲುವು. ಅವರು ಈ ಭಾಗದ ಚರಿತ್ರೆಯನ್ನು ನನಗಿಂತ ಬಹಳ ಹೆಚ್ಚು ಬಲ್ಲವರು. ಆದರೂ ಆಶ್ರಮವನ್ನು ಬರೀ ಸಿದ್ಧತೆ ಎಂದು ಒಪ್ಪಲು ನನಗೆ ಆಗುವುದಿಲ್ಲ. ದಫ್ತರ ಸುಡುವ ಕೆಲಸ ಕೆಲವು ತಿಂಗಳದ್ದು, ಸರ್ಕಾರ ಹೋದರೆ ಅದು ಮುಗಿಯುತ್ತದೆ. ಹುಡುಗರಿಗೆ ಹೊಲ, ನೂಲು, ಚೊಕ್ಕಟ ಕಲಿಸುವ ಕೆಲಸಕ್ಕೆ ಮುಗಿಯುವ ದಿನವಿಲ್ಲ. ಮಹಾದೇವಪ್ಪ ಆ ಕೆಲಸವನ್ನು ಬಿಟ್ಟು ಹೋದದ್ದಕ್ಕೆ ಅವರಿಗೆ ಎಷ್ಟು ಸಂಕಟವಾಗಿರಬೇಕು ಎಂದು ನಾನು ಯೋಚಿಸುತ್ತೇನೆ. ಬಿಡದೇ ಇದ್ದಿದ್ದರೆ, ಐದು ವರ್ಷದಲ್ಲಿ ಬಂದ ಸ್ವಾತಂತ್ರ್ಯದ ನಂತರ ಮೂವತ್ತಾರರ ವಯಸ್ಸಿನ ಅನುಭವಸ್ಥ ಶಿಕ್ಷಕರೊಬ್ಬರು ನಮ್ಮ ಭಾಗಕ್ಕೆ ಸಿಗುತ್ತಿದ್ದರು. ಬಿಟ್ಟು ಹೋಗದಿದ್ದರೆ ಅವರು ಮಹಾದೇವಪ್ಪ ಆಗುತ್ತಿರಲಿಲ್ಲ ಎಂದು ಸರ್ ನಕ್ಕರು.

1943ರ ಏಪ್ರಿಲ್ 1. ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ವೀರಭದ್ರ ದೇವಸ್ಥಾನದಲ್ಲಿ ಸುತ್ತಲಿನ ಹಳ್ಳಿಗಳ ಕಂದಾಯದ ಹಣ ಇಟ್ಟು ಪೊಲೀಸ್ ಕಾವಲು ಹಾಕಿದ್ದರು. ಮಹಾದೇವಪ್ಪನವರ ತಂಡ ಅದನ್ನು ವಶಪಡಿಸಿಕೊಳ್ಳಲು ಹೋಯಿತು. ಕಾವಲಿನವರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ 32 ತುಂಬಲು ಇನ್ನೂ ಎರಡು ತಿಂಗಳಿತ್ತು. ಮೂವರ ನೆನಪಿಗೆ ಹಾವೇರಿಯಲ್ಲಿ ವೀರಸೌಧ ಇದೆ. ಹೆಸರುಗಳನ್ನು ಒಟ್ಟಿಗೆ ಓದಿದಾಗ ಕೊರಡೂರಿನ ಪೊರಕೆಯ ಪಾಠ ನನಗೆ ನೆನಪಾಗುತ್ತದೆ. ಮಡಿವಾಳರೂ ಮಠದವರೂ ಒಂದೇ ಸಾಲಿನಲ್ಲಿದ್ದಾರೆ.

ಹೊಸರಿತ್ತಿಯವರೇ ಆದ ಗುದ್ಲೆಪ್ಪ ಹಳ್ಳಿಕೇರಿಯವರು ಅದೇ ಹೋರಾಟದ ಇನ್ನೊಬ್ಬ ಮುಂದಾಳು. ಮುಂದೆ ಕರ್ನಾಟಕ ಏಕೀಕರಣಕ್ಕೆ ದುಡಿದು, ವಿಧಾನ ಪರಿಷತ್ತಿನ ಸಭಾಪತಿಯಾಗಿ, 1972ರಲ್ಲಿ ತೀರಿಕೊಂಡರು. ಗುಂಡು ಹಾರಿದ ಆ ಊರಿನಲ್ಲೇ 1980ರ ದಶಕದಲ್ಲಿ ಗಾಂಧಿ ಗ್ರಾಮೀಣ ಗುರುಕುಲ ಆರಂಭವಾಯಿತು. ಮಕ್ಕಳು ಅಲ್ಲೇ ಉಳಿದು ಓದುತ್ತಾರೆ. ಓದಿನ ಜೊತೆ ಹೊಲದ ಕೆಲಸ, ಹೈನು, ನೂಲುವುದು ಅವರ ದಿನಚರಿಯಲ್ಲಿ ಸೇರಿವೆ. ನಮ್ಮ ಶಾಲೆಯ ಎಂಟನೇ ತರಗತಿಯನ್ನು ಅಲ್ಲಿಗೆ ಒಂದು ದಿನದ ಕ್ಷೇತ್ರ ಭೇಟಿಗೆ ಕರೆದೊಯ್ಯಲು ಅರ್ಜಿ ಬರೆದು ಮುಖ್ಯಶಿಕ್ಷಕರ ಮೇಜಿನ ಮೇಲೆ ಇಟ್ಟಿದ್ದೇನೆ. ಬ್ಯಾಡಗಿಯಿಂದ ಮೋಟೆಬೆನ್ನೂರು, ಹಾವೇರಿ, ಕೊರಡೂರು, ಹೊಸರಿತ್ತಿ ಎಂದು ದಾರಿಯ ನಕ್ಷೆಯನ್ನು ಮಕ್ಕಳೇ ಬರೆದುಕೊಟ್ಟಿದ್ದಾರೆ. ತಕಲಿ ತರಬೇಕೋ ಬೇಡವೋ ಎಂಬ ಚರ್ಚೆ ಇನ್ನೂ ನಡೆದಿದೆ.